ನಾಲ್ಕು ಇಪ್ಪತ್ತಕ್ಕೆ ಕಾಣೆಯಾಗುತ್ತಿದ್ದ ಪುಟಗಳು

ಹದಿನೇಳು ಹುಣಸೆ ಬೀಜ. ಪ್ರತಿಯೊಂದರ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಲಾಗಿತ್ತು. ಇನ್ನೊಂದು ಬದಿ ಹಾಗೇ ಕಂದು, ನುಣುಪು. ಮಾತ್ರೆಯ ಹಳೇ ಡಬ್ಬಿಯೊಂದರಲ್ಲಿ ಅವು ಲ್ಯಾಬಿನ ಮೇಜಿನ ಖಾನೆಯಲ್ಲಿರುತ್ತಿದ್ದವು. ಚೌಕಾಬಾರ ಆಡುವವರು ಬೀಜಗಳನ್ನು ಹೀಗೆ ಉಜ್ಜಿಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ಡಬ್ಬಿಯನ್ನು ನೋಡಿ, ಲ್ಯಾಬ್ ನೋಡಿಕೊಳ್ಳುವ ಈಕೆ ಬಿಡುವಿನಲ್ಲಿ ಆಟ ಆಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡವಳು ನಾನೊಬ್ಬಳೇ ಅಲ್ಲ.

ಅವರು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದರು. ಕಳೆದ ತಿಂಗಳು ನಿವೃತ್ತರಾದರು. ಕಾಲೇಜು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿದೆ. ನಾನು ಎಂ.ಟೆಕ್ ಮುಗಿಸಿ ಅಲ್ಲಿ ಪಾಠ ಹೇಳಲು ಸೇರಿದೆ. ಅವರು ಡಿಪ್ಲೊಮಾ ಓದಿದವರು. ಹಾಗಾಗಿ ನನ್ನ ವಯಸ್ಸಿಗೆ ಎರಡರಷ್ಟಕ್ಕಿಂತ ಹೆಚ್ಚಾಗಿದ್ದ ಅವರು ನನ್ನನ್ನು ‘ಮೇಡಂ’ ಎನ್ನಬೇಕಿತ್ತು. ಹಾಜರಿ ಪುಸ್ತಕವೂ ಬೇರೆ, ಚಹಾ ಕುಡಿಯುವ ಕೋಣೆಯೂ ಬೇರೆ. ವಿದ್ಯಾರ್ಥಿಗಳು ಮಾತ್ರ ಈ ಲೆಕ್ಕವನ್ನೆಲ್ಲ ಬಿಟ್ಟು ಅವರನ್ನು ‘ಅಕ್ಕ’ ಎನ್ನುತ್ತಿದ್ದರು. ಕೆಲವು ತಿಂಗಳ ನಂತರ ನಾನೂ ಹಾಗೇ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಕಡೆ ಇದೆ.

ಶಿಡ್ಲಘಟ್ಟದವರು. ತಾಯಿ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಶಾಲೆ ಮುಗಿಸಿ ಇವರೂ ಅಲ್ಲೇ ಹೋಗಿ ಕೂರುತ್ತಿದ್ದರಂತೆ. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಕೆಲಸ. ಅವರ ಬಲಗೈಯ ಎರಡು ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕಾಲೇಜಿಗೆ ಬೆರಳೊತ್ತುವ ಹಾಜರಿ ಯಂತ್ರ ಬಂದಾಗ ಅದು ಅವರನ್ನು ಒಪ್ಪಲಿಲ್ಲ. “ಮಷೀನ್‌ಗೆ ನಾನು ಕಾಣಿಸ್ತಿಲ್ಲ ಅಂದ್ರೆ ಮಷೀನ್ ಬದಲಾಯಿಸಿ ಸಾರ್. ನಾನಂತೂ ಬಂದಿದೀನಿ,” ಎಂದು ಆಫೀಸಿನಲ್ಲಿ ಹೇಳಿ ಬಂದರು. ಯಂತ್ರವನ್ನು ಬದಲಾಯಿಸಲಿಲ್ಲ. ಅವರು ಕೊನೆಯ ದಿನದವರೆಗೂ ಪುಸ್ತಕದಲ್ಲೇ ಸಹಿ ಮಾಡಿದರು.

ಅವರ ಮಾನಿಟರಿನ ಅಂಚಿನಲ್ಲಿ ಬುದ್ಧನ ಒಂದು ಪುಟ್ಟ ಸ್ಟಿಕ್ಕರ್ ಇತ್ತು. ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಕುಂಕುಮ ಹಚ್ಚಲು ತಟ್ಟೆ ಹಿಡಿದು ಬಂದವರನ್ನು ಸರ್ವರ್ ಇದ್ದ ಕೋಣೆಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. “ಪೂಜೆ ಮಾಡ್ಕೊಳಿ, ಬೇಡ ಅನ್ನಲ್ಲ. ಗಾಳಿ ಹೋಗೋ ಕಂಡೀಲಿ ಮಾತ್ರ ಪುಡಿ ಹಾಕ್ಬೇಡಿ. ಫ್ಯಾನ್ ಒರೆಸಿ, ದೇವ್ರು ಅದಕ್ಕೂ ಒಪ್ತಾನೆ.” ಇಂಥ ಮಾತುಗಳಿಂದ ಅವರಿಗೆ ‘ಎದುರು ಮಾತಿನ ಹೆಂಗಸು’ ಎಂಬ ಹೆಸರಿತ್ತು.

ಆ ಸರ್ವರ್ ವಿಷಯಕ್ಕೆ ಬರುತ್ತೇನೆ. ಮೂರನೇ ವರ್ಷದ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದದ್ದು ಅದರೊಳಗೆ. ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ವರ್ಚುವಲ್ ಮಷೀನ್, ಅಂದರೆ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವ ಪುಟ್ಟ ಕಂಪ್ಯೂಟರ್. ಅದು ಎರಡು ವಾರ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಮೆಮೊರಿ ಇಲ್ಲವೆಂದು ಹೇಳಿ ಹೊಸ ಮಷೀನುಗಳನ್ನು ತೆರೆಯಲು ನಿರಾಕರಿಸುತ್ತಿತ್ತು. ಆರಿಸಿ ಹಾಕಿದರೆ ಮತ್ತೆ ಸರಿ. ವಿಭಾಗದ ಮುಖ್ಯಸ್ಥರಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. ಅವರು ಗೌರಿಬಿದನೂರು ಕಡೆಯವರು, ಮಾತಿನಲ್ಲಿ ಒಳ್ಳೆಯವರು, ಯಾವುದನ್ನೂ ಎರಡನೇ ಸಲ ನೋಡುತ್ತಿರಲಿಲ್ಲ.

“ರೀಬೂಟ್ ಮಾಡ್ರಮ್ಮ, ಅಷ್ಟೇ.”

“ಮಾಡ್ತಾನೇ ಇದೀನಿ ಸಾರ್. ಆದ್ರೆ ಯಾರೋ ತಗೊಂಡೋರು ವಾಪಸ್ ಕೊಡ್ತಿಲ್ಲ. ಅದು ಯಾರು ಅಂತ ನೋಡ್ಬೇಕಲ್ಲ.”

“ನೋಡಿ ಏನ್ಮಾಡ್ತೀರಿ? ಕಂಪ್ಲೇಂಟ್ ಕೊಡ್ತೀರಾ?”

ಅಕ್ಕ ನೋಡಲು ಶುರುಮಾಡಿದರು. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಗಂಟೆಗೊಂದು ಸಲ ಮೆಮೊರಿಯ ಅಂಕಿಗಳನ್ನು ಬರೆದಿಡುತ್ತಿದ್ದರು. ನೀಲಿ ಶಾಯಿ, ಒಂದೂ ಚಿತ್ತಿಲ್ಲ. ಆ ನೋಟ್‌ಬುಕ್ ಅವರ ಮೇಜಿನ ಮೇಲೇ ಇರುತ್ತಿತ್ತು. ಯಾರು ಬೇಕಾದರೂ ತೆಗೆದು ನೋಡಬಹುದಿತ್ತು.

ಪ್ರಾಯೋಗಿಕ ಪರೀಕ್ಷೆಯ ದಿನ ಸರ್ವರ್ ನಿಂತಿತು. ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಹಿಂದಿನ ಸಂಜೆ ರೀಬೂಟ್ ಮಾಡಲು ಅಕ್ಕ ಅನುಮತಿ ಕೇಳಿದ್ದರು. ಪ್ರಶ್ನೆಗಳನ್ನು ಆಗಲೇ ಅದಕ್ಕೆ ತುಂಬಿಸಿಯಾಗಿದೆ, ಮುಟ್ಟಬೇಡಿ ಎಂದು ಮುಖ್ಯಸ್ಥರೇ ತಡೆದಿದ್ದರು. ಅರ್ಧದಷ್ಟು ವಿದ್ಯಾರ್ಥಿಗಳ ಮಷೀನುಗಳು ತೆರೆಯಲಿಲ್ಲ. ಪರೀಕ್ಷೆ ಮಧ್ಯಾಹ್ನಕ್ಕೆ ಹೋಯಿತು. ಪರೀಕ್ಷಕರು ಏನೋ ಅಂದರು. ಆಡಳಿತ ಮಂಡಳಿಗೆ ಸುದ್ದಿ ಹೋಗಿ ವಿಚಾರಣೆಗೆ ಇಬ್ಬರ ಸಮಿತಿ ಮಾಡಿದರು: ಬೇರೆ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು, ಮತ್ತು ನಾನು. ಹೊಸಬಳು, ಯಾರ ಕಡೆಯೂ ಅಲ್ಲದವಳು ಎಂದು ನನ್ನನ್ನು ಹಾಕಿದ್ದರು. ವರದಿಯನ್ನು ಮುಖ್ಯಸ್ಥರೇ ಟೈಪ್ ಮಾಡಿಸಿ ಕಳಿಸಿದರು. ‘ಲ್ಯಾಬ್ ನಿರ್ವಹಣೆಯಲ್ಲಿ ನಿರ್ಲಕ್ಷ್ಯ ಕಂಡುಬಂದಿದೆ’ ಎಂಬ ಸಾಲು ಅದರಲ್ಲಿತ್ತು. ಹಿರಿಯರು ಸಹಿ ಮಾಡಿದ್ದರು. ನಾನೂ ಮಾಡಿದೆ. ನನಗೆ ಮುಂದಿನ ಪೀರಿಯಡ್ ಇತ್ತು.

ಅದರ ಆಧಾರದ ಮೇಲೆ ಅವರಿಗೆ ಮೆಮೊ ಹೋಯಿತು. ತಪ್ಪೊಪ್ಪಿಕೊಂಡು ಕ್ಷಮೆ ಕೇಳಿ ಬರೆದುಕೊಡಬೇಕು, ಇಲ್ಲದಿದ್ದರೆ ಲ್ಯಾಬಿನ ಹೊಣೆ ತೆಗೆಯಲಾಗುವುದು. ಅವರ ಸೇವಾ ಪುಸ್ತಕದಲ್ಲಿ ಅಲ್ಲಿಯವರೆಗೆ ಇಂಥ ಒಂದು ಸಾಲೂ ಇರಲಿಲ್ಲ. ಅವರು ಎರಡು ವಾಕ್ಯದ ಉತ್ತರ ಕೊಟ್ಟರು: ತಪ್ಪು ನನ್ನದಲ್ಲ, ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ನದು. ತೋರಿಸಿಕೊಡುತ್ತೇನೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಎಂದು ಹಂಚುವುದು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು ಅದರ ಕೆಲಸ. ನಮ್ಮಲ್ಲಿದ್ದದ್ದು ಹಲವು ದೇಶಗಳ ಜನ ಸೇರಿ ಬರೆದು, ಎಲ್ಲರಿಗೂ ಓದಲು ತೆರೆದಿಟ್ಟಿರುವ ಕರ್ನಲ್. ಅದರಲ್ಲಿ ತಪ್ಪಿದೆ ಎಂದು ಡಿಪ್ಲೊಮಾ ಓದಿದ ಲ್ಯಾಬ್ ಇನ್‌ಸ್ಟ್ರಕ್ಟರ್ ಬರೆದುಕೊಟ್ಟದ್ದು ಸ್ಟಾಫ್ ರೂಮಿನಲ್ಲಿ ಒಂದು ವಾರದ ನಗೆಗೆ ಸಾಕಾಯಿತು.

ಮುಖ್ಯಸ್ಥರು ಎಲ್ಲರೆದುರು ಕೇಳಿದರು: “ಅಲ್ರಮ್ಮ, ಪ್ರಪಂಚಾನೇ ಓಡಿಸ್ತಿದೆ ಇದನ್ನ. ಎಲ್ಲೂ ಸಿಗದ ತಪ್ಪು ಶಿಡ್ಲಘಟ್ಟದೋರ ಕಣ್ಣಿಗೇ ಬೀಳ್ಬೇಕಾ?”

ಅಕ್ಕ ಲ್ಯಾಬಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟರು. ಸ್ಟಾಕ್ ರೂಮಿನ ಪಕ್ಕದ ಕಾರಿಡಾರಿನಲ್ಲಿ ಅವರಿಗೊಂದು ಕುರ್ಚಿ, ಮೇಜು ಹಾಕಿದರು. ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅದೇ.

ಮರುವಾರ ಆ ಕಾರಿಡಾರಿನಲ್ಲಿ ಹಾದುಹೋಗುವಾಗ ನನ್ನನ್ನು ನಿಲ್ಲಿಸಿದರು. ದನಿ ಏರಿಸಲಿಲ್ಲ.

“ಸಹಿ ಹಾಕೋ ಮುಂಚೆ ನನ್ನ ನೋಟ್‌ಬುಕ್ ಒಂದ್ಸಲ ಕೇಳ್ಬೋದಿತ್ತಲ್ವಾ ಮೇಡಂ?”

ಈಗ ಕೊಡಿ ಎಂದೆ. ನಿಂತೇ ಓದಿದೆ, ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಓದಿದೆ.

ಕರ್ನಲ್ ಮೆಮೊರಿಯನ್ನು ಪುಟಗಳಾಗಿ ಹಂಚುತ್ತದೆ. ಮಾಮೂಲಿ ಪುಟ ತೀರಾ ಚಿಕ್ಕದು. ನಮ್ಮ ವರ್ಚುವಲ್ ಮಷೀನುಗಳಂಥ ಹೊಟ್ಟೆಬಾಕಗಳಿಗೆ ಐನೂರ ಹನ್ನೆರಡು ಚಿಕ್ಕ ಪುಟಗಳನ್ನು ಒಂದಾಗಿಸಿದ ದೊಡ್ಡ ಪುಟವನ್ನು ಕೊಡುತ್ತದೆ. ಸರ್ವರಿನಲ್ಲಿ ಅಂಥ ದೊಡ್ಡ ಪುಟಗಳು ಒಟ್ಟು ನಾಲ್ಕು ಸಾವಿರ ಇದ್ದವು. ಸಂಜೆ ಎಲ್ಲರೂ ಹೋದ ಮೇಲೆ ನಾಲ್ಕು ಸಾವಿರವೂ ಖಾಲಿ ಇರಬೇಕು. ಒಂದು ದಿನದ ಸಾಲಿನಲ್ಲಿ ಇದ್ದದ್ದು ಮೂರು ಸಾವಿರದ ಆರುನೂರ ತೊಂಬತ್ತಮೂರು. ಮುನ್ನೂರ ಏಳು ಪುಟ ಯಾರ ಕೈಯಲ್ಲೂ ಇಲ್ಲ, ಮನೆಗೂ ಬಂದಿಲ್ಲ.

“ಚಂದ್ರಿಕೆ ನೋಡಿದೀಯಲ್ಲ?” ಎಂದರು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ನಮ್ಮ ಕಡೆ ರೈತರು ಬಾಡಿಗೆಗೆ ತಂದು, ಗೂಡು ಬಿಡಿಸಿಕೊಂಡು ಹಿಂದಿರುಗಿಸುತ್ತಾರೆ. “ಒಂದೇ ಒಂದು ಗೂಡು ಅಂಟ್ಕೊಂಡಿದ್ರೂ ಇಡೀ ಚಂದ್ರಿಕೆ ವಾಪಸ್ ಹೋಗಲ್ಲ. ಹಂಗೆ ಇದು. ಯಾರೋ ‘ಈ ಪುಟ ನಂಗೆ ಬೇಕು’ ಅಂತ ಹಿಡ್ಕೊಂಡು, ‘ಬಿಟ್ಟೆ’ ಅಂತ ಹೇಳೋದು ಮರ್ತಿದಾರೆ. ಅವರು ಹೇಳೋ ತನಕ ಅದು ಬಿಡಲ್ಲ.”

ಅವರು ನನ್ನನ್ನು ಏಕವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು. ನಾನು ತಿದ್ದಲಿಲ್ಲ.

ಪುಟಗಳು ಯಾವಾಗ ಕಾಣೆಯಾಗುತ್ತವೆ ಎಂಬುದು ನೋಟ್‌ಬುಕ್ಕಿನಲ್ಲೇ ಇತ್ತು. ದಿನವೆಲ್ಲ ಏನೂ ಆಗುತ್ತಿರಲಿಲ್ಲ. ನಾಲ್ಕಕ್ಕೆ ಸರಿ ಇದ್ದ ಲೆಕ್ಕ ಐದಕ್ಕೆ ತಪ್ಪುತ್ತಿತ್ತು. ಶನಿವಾರ ಮಾತ್ರ ಒಂದು ಗಂಟೆಗೂ ಎರಡು ಗಂಟೆಗೂ ನಡುವೆ. ಒಂದು ವಾರ ಪೂರ್ತಿ ಒಂದು ಪುಟವೂ ಹೋಗಿರಲಿಲ್ಲ. ಆ ವಾರ ಏನಾಗಿತ್ತು ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಪರೀಕ್ಷೆ ಇರಲಿಲ್ಲ, ರಜೆಯೂ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಕಾಲೇಜು ಬಸ್ಸಿನ ಹಾರ್ನ್ ಕೇಳಿತು. ಲ್ಯಾಬಿನಿಂದ ವಿದ್ಯಾರ್ಥಿಗಳು ದಡದಡನೆ ಓಡಿದರು. ಚಿಂತಾಮಣಿ ಬಸ್ಸೂ ಗೌರಿಬಿದನೂರು ಬಸ್ಸೂ ನಾಲ್ಕು ಇಪ್ಪತ್ತಕ್ಕೆ ಒಟ್ಟಿಗೆ ಹೊರಡುತ್ತವೆ, ಶನಿವಾರ ಅರ್ಧ ದಿನವಾದ್ದರಿಂದ ಒಂದು ಇಪ್ಪತ್ತಕ್ಕೆ. ತಪ್ಪಿದರೆ ಕೈವಾರದ ಕಡೆಯ ಹುಡುಗಿಯರು ಮನೆ ಸೇರಲು ಎರಡು ಬಸ್ ಬದಲಾಯಿಸಬೇಕು. ಅಕ್ಕ ಕುರ್ಚಿಯಿಂದ ಎದ್ದರು.

“ಎಲೆಕ್ಷನ್ನು! ಆ ವಾರ ನಮ್ಮ ಬಸ್ಸೆಲ್ಲ ಎಲೆಕ್ಷನ್ ಡ್ಯೂಟಿಗೆ ತಗೊಂಡೋಗಿದ್ರು!”

ಬಸ್ ಇಲ್ಲದ ವಾರ ಮಕ್ಕಳು ನಿಧಾನವಾಗಿ ಮಷೀನುಗಳನ್ನು ಕ್ರಮವಾಗಿ ಮುಚ್ಚಿ ಹೋಗಿದ್ದರು. ಉಳಿದ ದಿನ ಹಾರ್ನ್ ಕೇಳಿದ ಕೂಡಲೇ, ಕೆಲಸ ನಡೆಯುತ್ತಿರುವಾಗಲೇ, ಎಲ್ಲರೂ ಒಟ್ಟಿಗೆ ಮಷೀನುಗಳನ್ನು ಕೊಂದು ಓಡುತ್ತಿದ್ದರು. ಪುಟಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಿರುವ ಮಧ್ಯದಲ್ಲಿ ಪ್ರೋಗ್ರಾಂ ಸತ್ತರೆ, ಅದುವರೆಗೆ ಹಿಡಿದದ್ದನ್ನು ಯಾರು ಬಿಡಬೇಕು? ಪ್ರಶ್ನೆ ಇಷ್ಟಕ್ಕೆ ಬಂದು ನಿಂತಿತು.

ಉಳಿದದ್ದನ್ನು ಹುಣಸೆ ಬೀಜಗಳು ಮಾಡಿದವು. ಕರ್ನಲ್‌ನ ಆ ಭಾಗವನ್ನು ಮುದ್ರಿಸಿಕೊಂಡು, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುವರು. ಪುಟವನ್ನು ಹಿಡಿಯುವ ಸಾಲು ಬಂದರೆ ಒಂದು ಬೀಜವನ್ನು ಬಿಳಿ ಮೇಲಾಗಿ ತಿರುಗಿಸುವರು. ಬಿಡುವ ಸಾಲು ಬಂದರೆ ಕಂದು. ಆ ಹಾದಿಯ ಕೊನೆ ತಲುಪಿದಾಗ ಎಲ್ಲವೂ ಕಂದಾಗಿರಬೇಕು. ನಾನು ಕ್ಲಾಸುಗಳ ನಡುವೆ ಬಂದು ಕೂರುತ್ತಿದ್ದೆ. ಈ ಕೆಲಸಕ್ಕೆ ಉಪಕರಣಗಳಿವೆ, ಪ್ರೋಗ್ರಾಮುಗಳಿವೆ ಎಂದು ಹೇಳಿದೆ. “ಅವೂ ಓಡ್ಸು. ಕಣ್ಣಿಗೆ ಕಾಣೋದು ಕೈಗೂ ಸಿಗ್ಬೇಕು ನಂಗೆ,” ಎಂದರು. ನನ್ನ ಉಪಕರಣ ನೂರಾರು ಎಚ್ಚರಿಕೆಗಳನ್ನು ಕಕ್ಕಿತು. ಒಂಬತ್ತನೇ ದಿನ ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಮೇಜಿನ ಮೇಲೆ ಮೂರು ಬೀಜ ಬಿಳಿಯಾಗೇ ಉಳಿದವು. ಚಿಕ್ಕ ಪುಟಗಳ ಹಾದಿಯಲ್ಲಿ ಮಧ್ಯದಲ್ಲಿ ಸತ್ತರೆ ಹಿಡಿದದ್ದನ್ನು ಬಿಡುವ ಏರ್ಪಾಡಿತ್ತು. ದೊಡ್ಡ ಪುಟಗಳ ಹಾದಿ ಅದನ್ನು ಹಾರಿಕೊಂಡು ನೇರ ಬಾಗಿಲಿಗೆ ಹೋಗುತ್ತಿತ್ತು.

“ಇನ್ನೊಂದ್ಸಲ,” ಎಂದರು. ಮತ್ತೆ ಮೊದಲಿನಿಂದ ಓದಿದರು. ಮತ್ತೆ ಮೂರು.

ಅವರು ನಗಲಿಲ್ಲ. ಚಹಾ ಕುಡಿಯಲು ಹೋದರು. ಬೋಧಕರ ಕೋಣೆಗೇ ಹೋದರು.

ಮುಖ್ಯಸ್ಥರಿಗೆ ಬಸ್ಸಿನ ವಿಷಯ ಹೇಳಿದಾಗ ಅವರು ಸಮಾಧಾನದ ನಿಟ್ಟುಸಿರು ಬಿಟ್ಟರು. “ಹಂಗಾದ್ರೆ ಮಕ್ಕಳಿಗೆ ಸರಿಯಾಗಿ ಆಫ್ ಮಾಡಿ ಹೋಗಿ ಅಂತ ನೋಟಿಸ್ ಹಾಕಿ, ಮುಗೀತು.”

“ಯಾಕೆ ಸಾರ್? ಬಸ್ ಹಿಡಿಯೋದು ಮಕ್ಕಳ ಕೆಲಸ. ಕೊಟ್ಟಿದ್ದನ್ನ ವಾಪಸ್ ಇಸ್ಕೊಳೋದು ಕರ್ನಲ್ ಕೆಲಸ. ಮಕ್ಕಳು ಅವರ ಕೆಲಸ ಸರಿಯಾಗೇ ಮಾಡ್ತಿದಾರೆ.”

“ಪ್ರಪಂಚದಲ್ಲಿ ಬೇರೆ ಯಾರಿಗೂ...”

“ಪ್ರಪಂಚದೋರಿಗೆ ನಾಲ್ಕು ಇಪ್ಪತ್ತರ ಬಸ್ ಇಲ್ಲ ಸಾರ್.”

ಬದಲಾಯಿಸಬೇಕಾಗಿದ್ದದ್ದು ಎರಡು ಸಾಲು. ಅವನ್ನು ಬರೆದದ್ದು ಅವರು. ಜೊತೆಗೆ ಕಳಿಸಬೇಕಾದ ಇಂಗ್ಲಿಷ್ ಪತ್ರವನ್ನು ನಾನು ಬರೆದೆ. ಕರ್ನಲ್‌ಗೆ ತಿದ್ದುಪಡಿ ಕಳಿಸುವವರಲ್ಲಿ ಒಂದು ಪದ್ಧತಿ ಇದೆ. ಪತ್ರದ ಕೊನೆಯಲ್ಲಿ ಬರೆದವರು ತಮ್ಮ ನಿಜವಾದ ಹೆಸರು ಹಾಕಿ, ಇದು ನನ್ನ ಕೆಲಸ, ಇದನ್ನು ಕೊಡುವ ಹಕ್ಕು ನನಗಿದೆ ಎಂದು ಒಪ್ಪಿ ಸಹಿ ಮಾಡಬೇಕು. ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಈ ಸಾಲಿನ ಅರ್ಥವೇನೆಂದು ಅವರು ಕೇಳಿದರು. ಹೇಳಿದೆ. ಅದರ ಹಿಂದಿನ ನಿಯಮವನ್ನೂ ಪೂರ್ತಿ ಓದಿಸಿ ಕೇಳಿದರು.

“ಅಂದ್ರೆ ಇದು ಓದಿ ಹಾಕೋ ಸಹಿ,” ಎಂದು ತಮ್ಮ ಹೆಸರನ್ನು ಒಂದೇ ಬೆರಳಲ್ಲಿ, ಅಕ್ಷರ ಅಕ್ಷರವಾಗಿ ಟೈಪ್ ಮಾಡಿದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕರ್ನಲ್‌ನ ಆ ಭಾಗದ ಹೊಣೆ ಹೊತ್ತವನಿಂದ ಬಂದ ಮೊದಲ ಉತ್ತರ ಒಂದು ಸಾಲಿನದು: ನಿಮ್ಮ ಪ್ರೋಗ್ರಾಮನ್ನು ಪರೀಕ್ಷಿಸಿಕೊಳ್ಳಿ. ಅಕ್ಕನಿಗೆ ಅದನ್ನು ಓದಿ ಹೇಳಲು ನನಗೆ ಸಂಕೋಚವಾಯಿತು. “ಪರ್ಲೇದು ಲೇ,” ಪರವಾಗಿಲ್ಲ ಬಿಡು, ಎಂದರು. ಮನಸ್ಸು ಗಟ್ಟಿ ಮಾಡಿಕೊಂಡಾಗ ಅವರಿಗೆ ತೆಲುಗು ಬರುತ್ತಿತ್ತು. “ಅವನೂ ಎಚ್‌ಒಡಿನೇ. ಅವನಿಗೂ ಬಸ್ ಹಾರ್ನ್ ಕೇಳಿಸೋಣ.” ನೂರು ಮಷೀನುಗಳನ್ನು ತೆರೆದು, ಮಧ್ಯದಲ್ಲೇ ಕೊಲ್ಲುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆವು. ಯಾರೇ ಓಡಿಸಿದರೂ ಎರಡು ನಿಮಿಷದಲ್ಲಿ ಪುಟಗಳು ಕಾಣೆಯಾಗುವುದನ್ನು ಕಣ್ಣಾರೆ ನೋಡಬಹುದಿತ್ತು. ಎರಡನೇ ಉತ್ತರ ಉದ್ದವಾಗಿತ್ತು, ಮರ್ಯಾದೆಯದಾಗಿತ್ತು. ತಪ್ಪು ನಿಜ, ಆದರೆ ತಿದ್ದುಪಡಿಯನ್ನು ಬೇರೆ ಜಾಗದಲ್ಲಿ ಮಾಡಿದರೆ ಚೆಂದ ಎಂದು ಅವನೇ ಬರೆದಿದ್ದ. ನಾನು ಕೂಡಲೇ ಒಪ್ಪಿ ಬರೆಯಲು ಕೂತೆ.

“ತಡಿಯಮ್ಮ,” ಎಂದು ಅಕ್ಕ ಬೀಜಗಳನ್ನು ಹರಡಿದರು. ಅವನು ಹೇಳಿದ ಹಾದಿಯಲ್ಲಿ ಒಂದು ಬೀಜ ಆಗಲೇ ಕಂದಾಗಿತ್ತು. ಅದನ್ನೇ ಇನ್ನೊಮ್ಮೆ ಬಿಡಬೇಕಾಗಿ ಬಂತು. ಹಿಡಿಯದೇ ಇರುವುದನ್ನು ಬಿಟ್ಟರೆ ಬೇರೆಯವರು ಬಳಸುತ್ತಿರುವ ಪುಟ ಕೈತಪ್ಪುತ್ತದೆ. ಸೋರಿಕೆಗಿಂತ ಅದು ಕೆಟ್ಟದ್ದು. “ಆಗಲ್ಲ ಅಂತ ಬರಿ. ಯಾಕೆ ಅಂತಾನೂ ಬರಿ. ‘ದಯವಿಟ್ಟು ಕ್ಷಮಿಸಿ’ ಅಂತ ಮಾತ್ರ ಹಾಕ್ಬೇಡ.”

ನಾನು ಆಗಲೇ ಹಾಕಿಯಾಗಿತ್ತು. ಅಳಿಸಿದೆ.

ಎರಡು ದಿನದ ಮೇಲೆ ಉತ್ತರ ಬಂತು: ನೀವು ಹೇಳಿದ್ದೇ ಸರಿ, ತೆಗೆದುಕೊಂಡಿದ್ದೇನೆ. ಈಗ ಆ ಕರ್ನಲ್‌ನ ಇತಿಹಾಸದಲ್ಲಿ ಆ ಎರಡು ಸಾಲುಗಳ ಮುಂದೆ ಅವರ ಹೆಸರಿದೆ. ಯಾರು ಬೇಕಾದರೂ ನೋಡಬಹುದು. ನಮ್ಮ ಸರ್ವರ್ ಆಮೇಲೆ ಮೆಮೊರಿ ಇಲ್ಲವೆಂದು ಒಮ್ಮೆಯೂ ನಿಲ್ಲಲಿಲ್ಲ. ಮಕ್ಕಳು ಇವತ್ತಿಗೂ ಮಷೀನುಗಳನ್ನು ಹಾಗೇ ಕೊಂದು ಓಡುತ್ತಾರೆ.

ಕಾಲೇಜಿನ ಗೇಟಿನಲ್ಲಿ ‘ವಿಭಾಗದ ಸಾಧನೆ’ ಎಂಬ ಫ್ಲೆಕ್ಸ್ ಎದ್ದಿತು. ಅದರಲ್ಲಿ ಮುಖ್ಯಸ್ಥರ ಫೋಟೊ ಇತ್ತು, ಅಧ್ಯಕ್ಷರ ಫೋಟೊ ಇತ್ತು. ಲ್ಯಾಬಿನ ಬೀಗದ ಕೈಯನ್ನು ಯಾರೋ ಅಟೆಂಡರ್ ಕೈಯಲ್ಲಿ ಅಕ್ಕನಿಗೆ ವಾಪಸ್ ಕಳಿಸಿದರು. ಮೆಮೊ ಮಾತ್ರ ಸೇವಾ ಪುಸ್ತಕದಲ್ಲೇ ಉಳಿಯಿತು. ಅದನ್ನು ಹಿಂಪಡೆಯಿರಿ ಎಂದು ಅವರು ತಿಂಗಳಿಗೊಂದರಂತೆ ಹನ್ನೊಂದು ಪತ್ರ ಕೊಟ್ಟರು. ಪ್ರತಿಯೊಂದಕ್ಕೂ ಆಫೀಸಿನಲ್ಲಿ ಸ್ವೀಕೃತಿಯ ಸೀಲು ಹಾಕಿಸಿಕೊಂಡರು. “ವಿಚಾರಣಾ ವರದಿ ಇರೋ ತನಕ ಮೆಮೊ ಇರುತ್ತೆ, ನಾನೇನ್ ಮಾಡ್ಲಿ?” ಎಂದು ಮುಖ್ಯಸ್ಥರು ಹೇಳಿದ್ದನ್ನು ನಾನೇ ಕೇಳಿದೆ. ಆ ವರದಿಯಲ್ಲಿ ಎರಡು ಸಹಿಗಳಿದ್ದವು. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಹನ್ನೊಂದು ತಿಂಗಳೂ ಗೊತ್ತಿತ್ತು.

ಬೀಳ್ಕೊಡುಗೆ ಸೆಮಿನಾರ್ ಹಾಲಿನಲ್ಲಿ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಪೇಟ. ಮುಖ್ಯಸ್ಥರು ಪ್ರೀತಿಯಿಂದಲೇ ಮಾತಾಡಿದರು. ಅಕ್ಕನ ಸಮಯಪಾಲನೆ, ಲ್ಯಾಬಿನ ಸ್ವಚ್ಛತೆ. ಕೊನೆಯಲ್ಲಿ, “ಒಂದ್ಸಲ ಎಡವಿದ್ರು. ಮನುಷ್ಯರಲ್ವಾ? ನಾವೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಲ್ಯಾಬ್ ವಾಪಸ್ ಕೊಟ್ವಿ,” ಎಂದರು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ಮೈಕಿನ ಮುಂದೆ ಬಂದು ನಿಂತರು. ಅವರಿಗೆ ಅದು ಎತ್ತರವಾಗಿತ್ತು. ಬಗ್ಗಿಸಿಕೊಂಡರು.

“ಮಕ್ಕಳಿಗೆ ಒಳ್ಳೇದಾಗ್ಲಿ. ಶಾಲು ಚೆನ್ನಾಗಿದೆ, ತಗೊಂಡೋಗ್ತೀನಿ. ಹಣ್ಣೂ ತಗೊಂಡೋಗ್ತೀನಿ. ಸಾರ್ ಕೊಟ್ಟ ಕ್ಷಮೆ ಮಾತ್ರ ಬೇಡ, ಇಲ್ಲೇ ಬಿಟ್ಟು ಹೋಗ್ತೀನಿ. ನಾನು ತಪ್ಪು ಮಾಡಿರ್ಲಿಲ್ಲ. ಮಾಡದೇ ಇರೋ ತಪ್ಪಿಗೆ ಕ್ಷಮೆ ಇಟ್ಕೊಂಡ್ರೆ ನಾಳೆ ಅದು ನಂದೇ ಆಗಿಬಿಡುತ್ತೆ. ವಾಪಸ್ ತಗೊಳಿ ಸಾರ್.”

ಹಿಂದಿನ ಸಾಲಿನಲ್ಲಿ ಕೂತಿದ್ದ ಮೂರನೇ ವರ್ಷದ ಹುಡುಗಿಯೊಬ್ಬಳು ಜೋರಾಗಿ, “ಅಕ್ಕಾ!” ಎಂದು ಕೂಗಿದಳು. ನಂತರ ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. ಬೋಧಕರ ಸಾಲುಗಳು ಏಳಲಿಲ್ಲ. ನಾನು ಎರಡನೇ ಸಾಲಿನಲ್ಲಿದ್ದೆ. ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಡುವಾಗ ನನ್ನ ಪಕ್ಕ ಒಂದು ಕ್ಷಣ ನಿಂತರು. “ಬರ್ತೀನಮ್ಮ,” ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಾನು ಕೂತೇ ಇದ್ದೆ.

ಮರುದಿನ ಬೆಳಿಗ್ಗೆ ಎಂಟೂವರೆಗೇ ಕಾಲೇಜಿಗೆ ಹೋದೆ. ಪ್ರಾಂಶುಪಾಲರ ಹೆಸರಿಗೆ ಒಂದು ಪುಟದ ಪತ್ರ ಬರೆದೆ: ಅಂದಿನ ವಿಚಾರಣಾ ವರದಿಗೆ ಯಾವ ದಾಖಲೆಯನ್ನೂ ನೋಡದೆ ಸಹಿ ಮಾಡಿದ್ದೇನೆ, ಆಮೇಲೆ ದಾಖಲೆಗಳನ್ನೆಲ್ಲ ನೋಡಿದ್ದೇನೆ, ವರದಿ ತಪ್ಪು, ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನೋಟ್‌ಬುಕ್ಕಿನ ನಕಲು ಪ್ರತಿಗಳನ್ನು ಲಗತ್ತಿಸಿದೆ. ಪತ್ರ ಮುಖ್ಯಸ್ಥರ ಮೂಲಕವೇ ಹೋಗಬೇಕಿತ್ತು. ಅವರು ಬಂದು ಅದನ್ನು ಓದಿ, ಕನ್ನಡಕ ತೆಗೆದು, “ಯೋಚ್ನೆ ಮಾಡಿ ಮೇಡಂ. ನಿಮ್ಮ ಕನ್ಫರ್ಮೇಶನ್ ಫೈಲ್ ನನ್ನ ಟೇಬಲ್ ಮೇಲೇ ಇದೆ,” ಎಂದರು. ಗೊತ್ತಿದೆ ಸಾರ್ ಎಂದೆ. ಪತ್ರವನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಅವರೆದುರೇ ನಿಂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇನ್ನೊಮ್ಮೆ ಓದಿದೆ. ಆಮೇಲೆ ಸಹಿ ಹಾಕಿದೆ.